ರಿಟೈರ್ ಆದ್ಮೇಲೆ ಗಂಡ ಹೆಂಡ್ತಿ ಇಬ್ರೂ ಸೀನಿಯರ್ ಮಿಷನ್‌ಗೆ, ಅದೂ ಕಾಲೇಜ್ ಮಕ್ಕಳ ಜೊತೆ – ಹೋಗಿ ಬಂದೋರು ಯಾರಾದ್ರೂ ಇದೀರಾ?

ವಿಜಯನಗರ_ಅಂಕಲ್
ಎಲ್ರಿಗೂ ನಮಸ್ಕಾರ. ಇಲ್ಲಿ ವೀಸಾ, ಮನೆ ಸಾಲ, ಉಪ್ಪಿನಕಾಯಿ ಪಾರ್ಸೆಲ್ ಬಗ್ಗೆನೇ ಜಾಸ್ತಿ ಚರ್ಚೆ ಆಗೋದು, ಈ ಪ್ರಶ್ನೆ ಸ್ವಲ್ಪ ಬೇರೆ ಥರ, ಅಡ್ಮಿನ್ ಅವ್ರು ಬೇಡ ಅಂದ್ರೆ ತೆಗೀತೀನಿ.

ನಾನು ನಮ್ಮ ಮನೆಯವ್ರು ಇಬ್ರೂ ಬೆಂಗಳೂರಿನವ್ರು, ಈಗ ಸಾಲ್ಟ್ ಲೇಕ್ ಸಿಟಿ ಹತ್ರ ಇದೀವಿ. ತುಂಬ ವರ್ಷದಿಂದ ಎಲ್‌ಡಿಎಸ್ (ಲ್ಯಾಟರ್-ಡೇ ಸೇಂಟ್ಸ್) ಚರ್ಚ್ ಸದಸ್ಯರು, ಜನ ಮಾರ್ಮನ್ ಅಂತಾರಲ್ಲ ಅದೇ. ಮುಂದಿನ ವರ್ಷ ರಿಟೈರ್ ಆಗ್ತೀನಿ, ಚಿಕ್ಕ ಮಗಳ ಓದೂ ಮುಗೀತು. ಬಿಳಿ ಶರ್ಟು ಟೈ ಕಪ್ಪು ಬ್ಯಾಡ್ಜು ಹಾಕ್ಕೊಂಡು ಮನೆ ಮನೆಗೆ ಬರೋ ಹುಡುಗರನ್ನ ಎಲ್ರೂ ನೋಡಿರ್ತೀರ, ಆದ್ರೆ ನಮ್ಮಂಥ ವಯಸ್ಸಾದ ದಂಪತಿಗಳೂ ಮಿಷನ್‌ಗೆ, ಅಂದ್ರೆ ಚರ್ಚ್ ಕಳಿಸಿದ ಕಡೆ ಸೇವೆ ಮಾಡೋಕೆ, ಹೋಗ್ತಾರೆ ಅಂತ ಎಷ್ಟೋ ಜನಕ್ಕೆ ಗೊತ್ತಿರಲ್ಲ. 6 ತಿಂಗಳು, 12, 18, 23 ತಿಂಗಳು ಹೀಗೆ ಆಯ್ಕೆ ಇರುತ್ತೆ, ಸಂಬಳ ಇಲ್ಲ, ಖರ್ಚೆಲ್ಲ ನಮ್ದೇ. ಆಫೀಸ್ ಕೆಲಸ, ಟೆಂಪಲ್ (ನಮ್ಮ ಚರ್ಚ್‌ನ ವಿಶೇಷ ಮಂದಿರ) ಕೆಲಸ, ಬಡವರಿಗೆ ನೆರವಿನ ಕೆಲಸ ಅಂತ ಬೇಕಾದಷ್ಟು ಥರ ಇದೆ. ನಮ್ಮವಳಿಗೆ ಆಸೆ ಇರೋದು ಕಾಲೇಜ್ ಮಕ್ಕಳ ಜೊತೆ ಇರೋದು, ಯೂನಿವರ್ಸಿಟಿ ಪಕ್ಕದಲ್ಲಿ ಕಾಲೇಜ್ ಮಕ್ಕಳಿಗೆ ಧರ್ಮದ ಕ್ಲಾಸ್ ನಡೆಸೋ ಚರ್ಚ್‌ನವರ ಇನ್‌ಸ್ಟಿಟ್ಯೂಟ್ ಅಂತ ಕಟ್ಟಡ ಇರುತ್ತಲ್ಲ ಅಲ್ಲಿ. ನನಗೆ ಅನುಮಾನ. 20 ವರ್ಷದ ಹುಡುಗ್ರು ನಮ್ಮಂಥ ಮುದುಕ್ರ ಹತ್ರ ಯಾಕೆ ಬರ್ತಾರೆ? ದಿನಾ ಏನು ಮಾಡ್ತೀವಿ? ಮೈಸೂರಲ್ಲಿ ನಮ್ಮತ್ತೆ ಬೇರೆ ಇದಾರೆ, 84 ವಯಸ್ಸು. ಗೊತ್ತಿರೋರು ಹೇಳಿ.

ಧಾರವಾಡದಾಕಿ
ನಮಸ್ಕಾರ್ರಿ ಅಣ್ಣಾರ. ನಾವು ಹೋಗಿ ಬಂದೀವಿ. ಮಿಡ್‌ವೆಸ್ಟ್ ಕಡೆ ಒಂದು ಯೂನಿವರ್ಸಿಟಿ ಊರು, ಹೆಸರು ಬ್ಯಾಡ, ಆ ಹುಡುಗೂರು ಯಾರರ ಇಲ್ಲೇ ಇರಬಹುದು.

ಮೊದಲನೇ ಮಾತು, ನಾವು ಉಪದೇಶ ಮಾಡಾಕ ಹೋಗ್ತೀವಿ ಅಂತ ತಿಳಕೋಬ್ಯಾಡ್ರಿ. ಪಾಠ ಹೇಳಿ ಹೊಸಬರನ್ನ ಚರ್ಚಿಗೆ ಕರ್ಕೊಂಡು ಬರೂ ಕೆಲಸ ಆ ಸಣ್ಣ ಹುಡುಗೂರದು. ಇನ್‌ಸ್ಟಿಟ್ಯೂಟಿಗೆ ಬರೂ ಮಕ್ಕಳು ಬಹುತೇಕ ನಮ್ಮ ಚರ್ಚಿನ ಮನೆತನದವ್ರೇ ಇರ್ತಾರ, ಮನಿ ಬಿಟ್ಟು ಬಂದಾರ, ಮುಂಜಾನೆ ಎಬ್ಬಸವ್ರಿಲ್ಲ, ಕೇಳವ್ರಿಲ್ಲ, ಅಂಥಾದ್ರಾಗ ಚರ್ಚು ನಂಬಿಕಿ ಎಲ್ಲಾ ಒಂದೊಂದ ಬಿಟ್ಟು ಹೋಗೂ ವಯಸ್ಸು ಅದು. ಅವರಿಗೆ ಒಂದು ಬಾಗಲಾ ತೆರದಿರಬೇಕು, ಒಳಗ ಯಾರರ ಇರಬೇಕು, ಒಲಿ ಮ್ಯಾಲೆ ಏನರ ಇರಬೇಕು. ಅಷ್ಟ ನಮ್ಮ ಕೆಲಸ.

ದಿನಚರಿ ಕೇಳಿದ್ರಿ. ಮುಂಜಾನೆ ಹೋಗಿ ಕೀಲಿ ತಗೀಯೂದು, ಹೀಟರ್ ಹಚ್ಚೂದು. ಮಧ್ಯಾಹ್ನ ಕ್ಲಾಸಿನ ನಡುವ ಒಬ್ಬರೋ ಇಬ್ಬರೋ ಬರ್ತಾರ, ಸೋಫಾದಾಗ ಮಲಗ್ತಾರ. ನಮ್ಮವ್ರಿಗೆ ಮೊದಮೊದಲು ಇದು ಭಾಳ ಕಸಿವಿಸಿ, "ನಾವು ಇಷ್ಟು ದೂರ ಬಂದದ್ದು ಇವರು ನಿದ್ದಿ ಮಾಡೂದು ನೋಡಾಕೇನು" ಅಂತಿದ್ರು. ವಾರದಾಗ ಒಂದು ರಾತ್ರಿ ಬೈಬಲ್ ಕ್ಲಾಸ್ ಇರತಿತ್ತು, ಮುಗದ ಮ್ಯಾಲೆ ಊಟ. ಒಮ್ಮೊಮ್ಮೆ ಮೂವತ್ತು ಮಂದಿ, ಪರೀಕ್ಷೆ ವಾರ ಇದ್ರ ಮೂರೇ ಮಂದಿ, ದೊಡ್ಡ ಪಾತೇಲಿ ತುಂಬ ಹುಳಿ ಹಂಗೇ ಉಳೀತಿತ್ತು. ಆ ಮೂರು ಮಂದಿ ಬಂದ ದಿನಾನ ಮಾತು ಜಾಸ್ತಿ ಆಗ್ತಿತ್ತು ಅನ್ನೂದು ಬ್ಯಾರೆ ಮಾತು.

ಮಂಡ್ಯ_ಟು_ಮಿನಿಯಾಪೊಲಿಸ್
ಅಕ್ಕ ಹುಳಿ ಮಾಡಿ ಹಾಕ್ತಿದ್ರಾ ಅಮೇರಿಕನ್ ಹುಡುಗರಿಗೆ?? ಪುಣ್ಯವಂತರು ಕಣ್ರಪ್ಪಾ

ಧಾರವಾಡದಾಕಿ
ಎಲ್ಲಾ ಮಾಡೀನಿ ತಮ್ಮಾ. ಅವರ ಕಡೆ ಫ್ಯೂನರಲ್ ಪೊಟ್ಯಾಟೋಸ್ ಅಂತ ಒಂದು ಐತಿ, ಹೆಸರು ಕೇಳಿ ಹೆದರಬ್ಯಾಡ, ಯಾರರ ತೀರಿಕೊಂಡ ಮನಿಗೆ ಮಾಡಿ ಒಯ್ಯೂದಂತ. ತುರಿದ ಆಲೂಗಡ್ಡಿ, ಕ್ರೀಮ್ ಸೂಪ್, ಚೀಸ್, ಮ್ಯಾಲೆ ಕಾರ್ನ್‌ಫ್ಲೇಕ್ಸ್ ಪುಡಿ ಮಾಡಿ ಉದುರಿಸಿ ಓವನ್‌ನ್ಯಾಗ ಇಡೂದು. ನಾ ಅದಕ್ಕ ಸಾಸಿವಿ ಕರಿಬೇವು ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟೆ. ಐಡಾಹೋದ ಹುಡುಗ ಒಬ್ಬಾವ, ರೈತರ ಮನಿಯವ, ಆಲೂಗಡ್ಡಿ ಬೆಳೆಯವ್ರ ಮಗ, ನಿಂತಕೊಂಡ ತಿಂದು "ಇದನ್ನ ನಮ್ಮವ್ವಗ ಹೇಳಬ್ಯಾಡ್ರಿ" ಅಂದ.

ಅಣ್ಣಾರ ನಿಮ್ಮ ಮನಿಯವ್ರಿಗೆ ಒಂದು ಹೇಳ್ರಿ, ಚಿತ್ರಾನ್ನ ಗಿತ್ರಾನ್ನ ಮಾಡಿದ್ರ ಶೇಂಗಾ ಬ್ಯಾರೆ ಬಟ್ಟಲದಾಗ ಇಡ್ರಿ, ಮ್ಯಾಲೆ ಚೀಟಿ ಬರದ ಹಚ್ರಿ. ಶೇಂಗಾ ಅಲರ್ಜಿ ಇದ್ದವ್ರು ಭಾಳ ಇರ್ತಾರ ಇಲ್ಲೆ.

ಬಸವನಗುಡಿ_ನಾಸ್ತಿಕ
ಬೇಜಾರ್ ಮಾಡ್ಕೋಬೇಡಿ, ಆದ್ರೆ ಯಾರಾದ್ರೂ ಕೇಳ್ಲೇಬೇಕಲ್ಲ ಅಂತ ನಾನೇ ಕೇಳ್ತೀನಿ. ಮನೆ ಬಿಟ್ಟು ಬಂದು ಒಂಟಿಯಾಗಿರೋ ಹುಡುಗ್ರು, ಹಸಿವು, ಹೋಮ್‌ಸಿಕ್ಕು, ಆ ಟೈಮಲ್ಲಿ ಬಿಸಿ ಊಟ ಹಾಕಿ ಪಕ್ಕದಲ್ಲಿ ಧರ್ಮಗ್ರಂಥ ಇಡೋದು. ಇದು ಸೇವೆ ಅಂತೀರೋ ಬಲೆ ಅಂತೀರೋ? ನನ್ನ ಕಸಿನ್ ಒಬ್ಬ ಬೇರೆ ರಾಜ್ಯದಲ್ಲಿ ಓದ್ತಿದ್ದಾಗ ಒಂದು ಗುಂಪು (ಇವರಲ್ಲ, ಬೇರೆ, ಹೆಸರು ಬೇಡ) ಏರ್‌ಪೋರ್ಟಿಂದ ಪಿಕಪ್ ಮಾಡಿ ಹಾಸಿಗೆ ಕೊಟ್ಟು ಆಮೇಲೆ ಆರು ತಿಂಗಳು ಬಿಡ್ಲೇ ಇಲ್ಲ ಅವನನ್ನ, ಫೋನ್ ನಂಬರ್ ಚೇಂಜ್ ಮಾಡ್ಬೇಕಾಯ್ತು.

ಕುಡ್ಲದ_ಪೊರ್ಲು
ಶುರು ಆಯ್ತು ಮಾರಾಯ್ರೆ 😀 ಇನ್ನು ಕಿಟೆಲ್, ಮೋಗ್ಲಿಂಗ್ ಎಲ್ಲ ಬರ್ತಾರೆ ನೋಡಿ

ಬಸವನಗುಡಿ_ನಾಸ್ತಿಕ
ಅವರೂ ಧರ್ಮ ಹಬ್ಬಿಸೋಕೇ ಬಂದಿದ್ದು ತಾನೇ. 1843ರಲ್ಲಿ ಮಂಗಳೂರ ಸಮಾಚಾರ ತಂದ್ರು, 1894ರಲ್ಲಿ ನಿಘಂಟು ಬಂತು, ಅದನ್ನ ನಾನೇ ದಿನಾ ಬಳಸ್ತೀನಿ, ಕೃತಜ್ಞತೆ ಇದೆ. ಆದ್ರೆ ಪ್ರಶ್ನೆ ಕೇಳಬಾರದು ಅಂತಲ್ಲ.

ಅಡ್ಮಿನ್_2
ಪ್ರಶ್ನೆ ಕೇಳಿ, ಜಗಳ ಬೇಡ. ರಾಜಕೀಯಕ್ಕೆ ತಿರುಗಿದ್ರೆ ಲಾಕ್ ಮಾಡ್ತೀನಿ.

ಲೋಗನ್_ಎಮ್ಮೆಸ್
ನಾನು ಆ ಕಡೆಯಿಂದ ಹೇಳ್ತೀನಿ, ಊಟ ಮಾಡಿದವನ ಕಡೆಯಿಂದ. ಶಿವಮೊಗ್ಗದವನು, ಯೂಟಾ ಸ್ಟೇಟ್ ಯೂನಿವರ್ಸಿಟೀಲಿ ಎಂಎಸ್ ಮಾಡಿದ್ದು, ಲೋಗನ್ ಊರಲ್ಲಿ. ಬಂದಾಗ ಜನವರಿ, ಸ್ಪ್ರಿಂಗ್ ಇನ್‌ಟೇಕ್, ಕ್ಯಾಶ್ ವ್ಯಾಲಿ ಚಳಿ ಅಂದ್ರೆ ಏನು ಅಂತ ಹೋದವರಿಗೇ ಗೊತ್ತು, ಕಣಿವೇಲಿ ತಣ್ಣಗಿನ ಗಾಳಿ ಹೊಗೆ ಎಲ್ಲ ಕೂತ್ಕೊಂಡು ವಾರಗಟ್ಲೆ ಸೂರ್ಯ ಕಾಣಲ್ಲ. ಊರಿನ ಬಸ್ಸಿಗೆ ಟಿಕೆಟ್ಟೇ ಇಲ್ಲ, ಎಲ್ರಿಗೂ ಫ್ರೀ, ಆ ಒಂದು ಪುಣ್ಯ. ಕ್ಯಾಂಪಸ್ ಪಕ್ಕದಲ್ಲೇ ಇವರ ಇನ್‌ಸ್ಟಿಟ್ಯೂಟು. ರೂಮ್‌ಮೇಟ್ ಜೊತೆ ಹೋಗಿದ್ದು ನಾನು, ನಿಜ ಹೇಳ್ಬೇಕು ಅಂದ್ರೆ ಊಟಕ್ಕೇ.

ಅಲ್ಲಿ ಒಬ್ರು ಅಜ್ಜ ಅಜ್ಜಿ ಇದ್ರು, ಸೀನಿಯರ್ ಮಿಷನರಿಗಳು. ನಾನು ಮೊದಲ ದಿನವೇ ಅಜ್ಜಂಗೆ ಹೇಳ್ದೆ, ಸರ್ ನಾನು ಧರ್ಮ ಬದಲಾಯಿಸೋನಲ್ಲ, ಸುಮ್ನೆ ನಿಮ್ಮ ಟೈಮ್ ವೇಸ್ಟು ಅಂತ. ಅಜ್ಜ ಕೈ ಒರೆಸ್ಕೊಂಡು "ಸರಿ, ನಿನಗೆ ಟೈ ಕಟ್ಟೋಕೆ ಬರುತ್ತಾ" ಅಂತ ಕೇಳಿದ್ರು. ಕೆರಿಯರ್ ಫೇರ್ ಇತ್ತು ಆ ವಾರ, ನಾನು ಕೈಲಿ ಟೈ ಹಿಡ್ಕೊಂಡು ಯೂಟ್ಯೂಬ್ ನೋಡ್ತಿದ್ದಿದ್ದು ಅವರ ಕಣ್ಣಿಗೆ ಬಿದ್ದಿತ್ತು. ನನ್ನ ಹಿಂದೆ ನಿಂತು ಕನ್ನಡಿ ಮುಂದೆ ಅವರೇ ಕಟ್ಟಿದ್ರು, ಬಿಚ್ಚಿದ್ರು, ನನ್ನ ಕೈಲಿ ಕಟ್ಟಿಸಿದ್ರು, ಉದ್ದ ಬೆಲ್ಟ್ ತನಕ ಬರೋವರೆಗೂ ಬಿಡ್ಲಿಲ್ಲ.

ಒಂದ್ಸಲ ಪುಸ್ತಕ ಕೊಟ್ರು, ಬುಕ್ ಆಫ್ ಮಾರ್ಮನ್, ಅವರ ಧರ್ಮಗ್ರಂಥ, ತಗೊಂಡೆ, ಓದ್ಲಿಲ್ಲ. ಮತ್ತೆ ಕೇಳ್ಲಿಲ್ಲ ಅವರು. ಇದು ನನ್ನ ಅನುಭವ ಅಷ್ಟೇ, ಎಲ್ರದ್ದೂ ಹೀಗೇ ಅಂತ ಹೇಳಲ್ಲ. ಆದ್ರೆ ಒಂದು, ಕೇಳಿದ್ರೆ ನೇರವಾಗಿ ಹೇಳ್ತಾರೆ. ಬ್ಯಾಡ್ಜ್ ಎದೆ ಮೇಲೇ ಇರುತ್ತೆ, ಯಾರು ಎತ್ತ ಅಂತ ಮುಚ್ಚಿಡೋದೇನಿಲ್ಲ.

ಸಸ್ಯಾಹಾರಿಗಳಿಗೆ ಸೂಚನೆ: ಅಲ್ಲಿ ಜೆಲ್ಲೋ ಬಹಳ ಫೇಮಸ್ಸು, ಹಸಿರು ಬಣ್ಣದ್ದು ಅಲ್ಲಾಡ್ತಾ ಇರುತ್ತೆ, ಅದರಲ್ಲಿ ಜೆಲಾಟಿನ್ ಇರುತ್ತೆ. ಮಾರ್ಷ್‌ಮ್ಯಾಲೋದಲ್ಲೂ ಅದೇ.

ಇತಿಹಾಸದ_ಹುಚ್ಚು
ನಾಸ್ತಿಕ ಅವರ ಅನುಮಾನ ಹೊಸದೇನಲ್ಲ. ಈ ಇನ್‌ಸ್ಟಿಟ್ಯೂಟ್ ವ್ಯವಸ್ಥೆ ಶುರುವಾದಾಗ್ಲೇ ಅದೇ ಅನುಮಾನ ಇತ್ತು. 1926, ಐಡಾಹೋ ರಾಜ್ಯದ ಮಾಸ್ಕೋ ಅನ್ನೋ ಊರು (ರಷ್ಯಾದ್ದಲ್ಲ), ಯೂನಿವರ್ಸಿಟಿ ಆಫ್ ಐಡಾಹೋ ಇರೋ ಜಾಗ. ರಾಜ್ಯದ ದಕ್ಷಿಣ ಭಾಗದ ರೈತರ ಮಕ್ಕಳು ನೂರಾರು ಮೈಲಿ ದೂರದಿಂದ ಓದೋಕೆ ಬರ್ತಿದ್ರು, ಅವರನ್ನ ನೋಡ್ಕೊಳ್ಳಿ ಅಂತ ಚರ್ಚ್‌ನವರು ಕಳಿಸಿದ್ದು ಒಂದು ದಂಪತೀನ: ಜೆ. ವೈಲಿ ಸೆಷನ್ಸ್ ಮತ್ತೆ ಅವರ ಹೆಂಡತಿ. ಆಗತಾನೇ ದಕ್ಷಿಣ ಆಫ್ರಿಕಾದಲ್ಲಿ ಮಿಷನ್ ಮುಗಿಸಿ ಬಂದಿದ್ರು. ಹೀಗೇ ಮಾಡಿ ಅಂತ ಯಾರೂ ಹೇಳಿರ್ಲಿಲ್ಲ, ಹೋಗಿ ಮಕ್ಕಳಿಗೇನು ಬೇಕೋ ನೋಡಿ ಅಂತ ಅಷ್ಟೇ. ಇವರು ಯೂನಿವರ್ಸಿಟೀನೇ ಮಾರ್ಮನ್ ಮಾಡಿಬಿಡ್ತಾರೆ ಅಂತ ಊರಿನ ವ್ಯಾಪಾರಿಗಳು, ಬೇರೆ ಚರ್ಚ್‌ನವರು ಸೇರಿ ಕಣ್ಣಿಡೋಕೆ ಒಂದು ಕಮಿಟಿ ಮಾಡಿದ್ರು. ಸೆಷನ್ಸ್ ಏನು ಮಾಡಿದ್ರಪ್ಪಾ ಅಂದ್ರೆ ಊರಿನ ಚೇಂಬರ್ ಆಫ್ ಕಾಮರ್ಸ್ ಊಟಕ್ಕೆ ಹೋದಾಗೆಲ್ಲ ಆ ಕಮಿಟಿಯವರ ಪಕ್ಕದಲ್ಲೇ ಕೂತ್ಕೊಳ್ಳೋರು. ಕಟ್ಟಡ 1928ರಲ್ಲಿ ಆಯ್ತು. ಅದಕ್ಕೆ ಹೆಸರು ಸೂಚಿಸಿದ್ದು ಕೂಡ ಅವರ ಚರ್ಚಿನವರಲ್ಲ, ಅದೇ ಯೂನಿವರ್ಸಿಟಿಯ ಪ್ರೊಫೆಸರ್ ಒಬ್ರು. ಲೋಗನ್‌ನಲ್ಲಿ ಆಮೇಲೆ ಬಂತು.

ಬಸವನಗುಡಿ_ನಾಸ್ತಿಕ
ಇದು ಗೊತ್ತಿರ್ಲಿಲ್ಲ, ಚೆನ್ನಾಗಿದೆ. ಪಕ್ಕದಲ್ಲಿ ಕೂತು ಊಟ ಮಾಡಿದ್ರೆ ಅನುಮಾನ ಹೋಗುತ್ತೆ ನಿಜ, ಆದ್ರೆ ನನ್ನ ಪ್ರಶ್ನೆಗೆ ಅದು ಉತ್ತರ ಅಲ್ಲ. ಧಾರವಾಡದ ಅಕ್ಕ, ನಿಮ್ಮಲ್ಲಿಗೆ ಬಂದ ಚರ್ಚ್‌ನವರಲ್ಲದ ಹುಡುಗ್ರಲ್ಲಿ ಯಾರಾದ್ರೂ ಸೇರ್ಕೊಂಡ್ರಾ? ಸೇರಿದಾಗ ನಿಮಗೆ ಖುಷಿ ಆಯ್ತಾ?

ಧಾರವಾಡದಾಕಿ
ಸೇರ್ಯಾರ. ಖುಷಿ ಆತು, ಸುಳ್ಳ ಯಾಕ ಹೇಳ್ಲಿ. ನಂಬಿದ್ದು ಛಲೋ ಐತಿ ಅಂತ ತಿಳದಾಕಿ ನಾ, ಇನ್ನೊಬ್ಬರಿಗೂ ಛಲೋ ಅನಿಸಿದ್ರ ಖುಷಿ ಆಗೂದಿಲ್ಲೇನು. ಆದ್ರ ಊಟ ಹಾಕಿದ್ದಕ್ಕ ಲೆಕ್ಕ ಇಟ್ಟಿಲ್ಲ. 18 ತುಂಬದವ್ರಿಗೆ ತಂದಿ ತಾಯಿ ಒಪ್ಪಿಗಿ ಇಲ್ಲದ ದೀಕ್ಷಾಸ್ನಾನ ಇಲ್ಲ. ತುಂಬಿದವ್ರಿಗೂ ನಮ್ಮವ್ರು "ಮನಿಗೆ ಫೋನ್ ಮಾಡಿ ಹೇಳೀ ಏನು" ಅಂತ ಮೊದಲ ಕೇಳತಿದ್ರು, ಅದು ನಿಯಮ ಅಲ್ಲ, ಅವರ ಸ್ವಭಾವ. ನಮ್ಮ ಮನೆತನ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು, ಮದುವಿ ಆದಮ್ಯಾಲೆ ನಾ ಈ ಚರ್ಚಿಗೆ ಬಂದಾಗ ನಮ್ಮಪ್ಪಾರು ಎರಡು ವರ್ಷ ಮಾತಾಡಲಿಲ್ಲ. ಹಿಂಗಾಗಿ ಮನಿಯವ್ರ ಸಂಕಟ ಏನಂತ ನನಗ ಗೊತ್ತೈತಿ.

ನೀವು ಬಲೆ ಅಂದ್ರಿ. ಬಲೆ ಆಗಬಹುದು, ಆಗೂದಿಲ್ಲ ಅಂತ ನಾ ಹೇಳೂದಿಲ್ಲ. ಅದು ಅಲ್ಲಿ ಕುಂತ ಮನಶ್ಯಾರ ಮ್ಯಾಲೆ ಐತಿ. ಒಲ್ಲೆ ಅಂದವಗ ಮುಂದಿನ ವಾರಾನೂ ಅಷ್ಟ ಪ್ರೀತಿಲೆ ಬಡಿಸಾಕ ಆಗೂದಿಲ್ಲ ಅಂದ್ರ ಅಂಥವ್ರು ಈ ಕೆಲಸಕ್ಕ ಹೋಗಬಾರದು.

ಬಸವನಗುಡಿ_ನಾಸ್ತಿಕ
ನೇರವಾಗಿ ಹೇಳಿದ್ರಿ, ಥ್ಯಾಂಕ್ಸ್ ಅಕ್ಕ. ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಇರ್ಲಿ.

ಸಾಗರದ_ಅಮ್ಮ
ನನ್ನ ಮಗ ಈ ಆಗಸ್ಟಿಗೆ ಲೋಗನ್‌ಗೇ ಹೋಗ್ತಿದ್ದಾನೆ, ಅದಕ್ಕೇ ಎಲ್ಲ ಓದ್ತಾ ಇದ್ದೆ. ಅವರು ಕಾಫಿ ಟೀ ಕುಡಿಯೋದಿಲ್ಲ ಅಂತಾರಲ್ಲ ಹೌದಾ? ನಮ್ಮ ಹುಡುಗಂಗೆ ಬೆಳಿಗ್ಗೆ ಕಾಫಿ ಇಲ್ದೆ ಆಗೋದಿಲ್ಲ.

ಲೋಗನ್_ಎಮ್ಮೆಸ್
ಅಮ್ಮಾ ಅವರು ಕುಡಿಯಲ್ಲ ಅಷ್ಟೇ, ನಿಮ್ಮ ಮಗ ರೂಮಲ್ಲಿ ಬೇಕಾದಷ್ಟು ಕುಡೀಬಹುದು 😀 ಊರಲ್ಲಿ ಕಾಫಿ ಅಂಗಡಿಗಳೂ ಇದಾವೆ. ಡಿಕಾಕ್ಷನ್ ಫಿಲ್ಟರ್ ಇಲ್ಲಿಂದಲೇ ಕಳ್ಸಿ. ಕಾಫಿ, ಟೀ, ಹೆಂಡ, ಸಿಗರೇಟು ಅವರಿಗೆ ನಿಷಿದ್ಧ. ಕಷಾಯ ಆಗುತ್ತೆ. ನಮ್ಮಮ್ಮ ಕಳ್ಸಿದ್ದ ಕೊತ್ತಂಬರಿ ಜೀರಿಗೆ ಕಷಾಯದ ಪುಡಿ ಹಾಲಲ್ಲಿ ಕುದಿಸಿ ಕೊಟ್ಟೆ, ಅಜ್ಜಿ ಎರಡು ಲೋಟ ಕುಡಿದ್ರು. ಆಮೇಲೆ ಕ್ಯಾಂಪಸ್ಸಲ್ಲಿ ಯೂನಿವರ್ಸಿಟಿಯವರದ್ದೇ ಐಸ್‌ಕ್ರೀಮ್ ಇದೆ, ಆ್ಯಗಿ ಐಸ್‌ಕ್ರೀಮ್ ಅಂತ, ಅದನ್ನ ಬಿಡ್ಬೇಡ ಅಂತ ಹೇಳಿ.

ಸಾಗರದ_ಅಮ್ಮ
ಸರಿ ಮಗಾ. ಜಾಕೆಟ್ ಇಲ್ಲೇ ತಗೊಳ್ಳೋದಾ ಅಲ್ಲಿ ಹೋಗಿ ತಗೊಳ್ಳೋದಾ?

ಲೋಗನ್_ಎಮ್ಮೆಸ್
ಅಲ್ಲೇ. ಇಲ್ಲಿ ಸಿಗೋದು ಅಲ್ಲಿಯ ಚಳಿಗೆ ಸಾಲಲ್ಲ.

ವಿಜಯನಗರ_ಅಂಕಲ್
ಎಲ್ರಿಗೂ ತುಂಬ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ನಮ್ಮವಳು ಪಕ್ಕದಲ್ಲೇ ಕೂತು ಓದ್ತಿದಾಳೆ, ಒಗ್ಗರಣೆ ಹಾಕಿದ ಫ್ಯೂನರಲ್ ಪೊಟ್ಯಾಟೋಸ್ ಭಾನುವಾರ ಮಾಡ್ತಾಳಂತೆ. ದುಡ್ಡಿನ ವಿಷಯ ಯಾರಾದ್ರೂ ಹೇಳಿ. ಇನ್ನೊಂದು, ಬೆಂಗಳೂರಿಗೇ ಕಳ್ಸಿ ಅಂತ ಕೇಳಬಹುದಾ? ಅಲ್ಲಿ 1993ರಿಂದ ಮಿಷನ್ ಇದೆ, 2018ರಲ್ಲಿ ಟೆಂಪಲ್ ಘೋಷಣೆ ಆಗಿ 2020 ಡಿಸೆಂಬರಲ್ಲಿ ಭೂಮಿಪೂಜೆನೂ ಆಯ್ತು. ನಮ್ಮವಳಿಗೆ ಅವರಮ್ಮನ ಹತ್ರ ಇದ್ದಂಗೂ ಆಗುತ್ತೆ ಅಂತ ಆಸೆ.

ಧಾರವಾಡದಾಕಿ
ಕೇಳಬಹುದು, ಇಷ್ಟ ಏನು ಅಂತ ಅರ್ಜಿಯೊಳಗ ಬರೀಬಹುದು. ಚರ್ಚಿನ ಕರೆ ಎಲ್ಲಿಗೆ ಬರ್ತೈತಿ ಅನ್ನೂದು ನಿಮ್ಮ ಕೈಯಾಗಿಲ್ಲ. ನಾವು ಬಿಸಿ ಊರು ಅಂದಿದ್ವಿ, ಹಿಮದಾಗ ಕುಂತು ಬಂದ್ವಿ.

ದುಡ್ಡು: ಬಾಡಿಗಿ, ಊಟ, ಕಾರು, ವಿಮಾ ಎಲ್ಲಾ ನಮ್ಮದ. ಬಾಡಿಗಿಗೆ ಮಾತ್ರ 2011ರಾಗ ತಿಂಗಳಿಗೆ 1,400 ಡಾಲರ್ ಅಂತ ಒಂದು ಮಿತಿ ತಂದ್ರು, ಅದಕ್ಕೂ ಮ್ಯಾಲೆ ಹೋದ್ರ ಚರ್ಚ್ ಕೊಡತೈತಿ ಅಂತ. ಈಗಿನ ಲೆಕ್ಕ ನಿಮ್ಮ ಬಿಷಪ್‌ರ ಹತ್ರ ಕೇಳ್ರಿ. ನಾವು ನಮ್ಮ ಮನಿ ಬಾಡಿಗಿಗೆ ಕೊಟ್ಟು ಹೋದ್ವಿ, ಅದರಾಗ ಅರ್ಧ ಬಗೀಹರೀತು. ಅಮೆರಿಕಾ ಬಿಟ್ಟು ಹೊರಗ ಹೋದ್ರ ಮೆಡಿಕೇರ್ (ಹಿರಿಯರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮಾ) ನಡಿಯೂದಿಲ್ಲ, ಬ್ಯಾರೆ ಪ್ಲ್ಯಾನ್ ತಗೋಬೇಕು, ಇದನ್ನ ಮೊದಲ ವಿಚಾರಿಸ್ರಿ.

ವೀಸಾ_ವಕೀಲ_ಅಲ್ಲ
ಬೆಂಗಳೂರು ಅಂದಿದ್ದಕ್ಕೆ ಹೇಳ್ತೀನಿ ಅಂಕಲ್, ಇದು ಮುಖ್ಯ. ನಿಮ್ಮ ಹತ್ರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡೋದು) ಇದ್ರೆ "ನಾನು ಭಾರತಕ್ಕೆ ಯಾವಾಗ ಬೇಕಾದ್ರೂ ಹೋಗಿ ಏನು ಬೇಕಾದ್ರೂ ಮಾಡಬಹುದು" ಅನ್ಕೋಬೇಡಿ. 2021 ಮಾರ್ಚ್ ಅಧಿಸೂಚನೆ ಪ್ರಕಾರ ಒಸಿಐ ಇರೋರು ಮಿಷನರಿ ಕೆಲಸ ಮಾಡೋಕೆ ವಿಶೇಷ ಅನುಮತಿ ತಗೊಳ್ಲೇಬೇಕು. ಒಸಿಐ ಇಲ್ದಿದ್ರೆ ಮಿಷನರಿ ವೀಸಾ ಅಂತ ಬೇರೆ ಕೆಟಗರಿ ಇದೆ, ಟೂರಿಸ್ಟ್ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡೋ ಹಾಗಿಲ್ಲ. ಕರ್ನಾಟಕದಲ್ಲಿ 2022ರ ಮತಾಂತರ ನಿಷೇಧ ಕಾಯ್ದೆ ಬೇರೆ, 2023 ಜೂನಲ್ಲಿ ಕ್ಯಾಬಿನೆಟ್ ಅದನ್ನ ವಾಪಸ್ ತಗೋತೀವಿ ಅಂತ ತೀರ್ಮಾನ ಮಾಡ್ತು, ಆದ್ರೂ ಈಗ ಹೇಗಿದೆ ಅಂತ ವಕೀಲರ ಹತ್ರ ಕೇಳಿ ಹೋಗಿ. ಅತ್ತೆ ನೋಡೋಕೆ ಹೋಗೋದು ಬೇರೆ, ಬ್ಯಾಡ್ಜ್ ಹಾಕ್ಕೊಂಡು ಹೋಗೋದು ಬೇರೆ.

ವಿಜಯನಗರ_ಅಂಕಲ್
ಒಸಿಐದು ಗೊತ್ತೇ ಇರ್ಲಿಲ್ಲ, ಒಳ್ಳೇ ಟೈಮಿಗೆ ಹೇಳಿದ್ರಿ. ಹಾಗಾದ್ರೆ ಅಮೇರಿಕಾದಲ್ಲೇ ನೋಡ್ತೀವಿ, 12 ತಿಂಗಳದ್ದು, ಮಧ್ಯೆ ಅತ್ತೆಗೆ ಏನಾದ್ರೂ ಆದ್ರೆ ಹೋಗಿ ಬರೋಕಾಗುತ್ತಾ?

ಧಾರವಾಡದಾಕಿ
ಮನ್ಯಾಗ ಅಂಥಾದ್ದು ಬಂದ್ರ ಕೇಳ್ರಿ, ದಂಪತಿಗಳಿಗೆ ಸಡಿಲು ಐತಿ. ಸಣ್ಣ ಹುಡುಗೂರಿಗಿದ್ದಷ್ಟು ಕಟ್ಟುನಿಟ್ಟು ನಮಗಿಲ್ಲ. ಮಕ್ಕಳಿಗೆ ಮೊಮ್ಮಕ್ಕಳಿಗೆ ಬೇಕಾದಾಗ ಫೋನು, ನಮ್ಮದ ಮನಿ, ನಮ್ಮದ ಟೈಮು, ಬಾಗಲಾ ಬಡಿಯೂ ಕೆಲಸಾನೂ ಇಲ್ಲ.

ಇನ್ನೊಂದು ಯಾರೂ ಹೇಳೂದಿಲ್ಲ, ನಾ ಹೇಳ್ತೀನಿ. ಕಾಲೇಜ್ ಮಕ್ಕಳ ಕೆಲಸ ಅಂತ ಕರದು ಆ ಸಣ್ಣ ಮಿಷನರಿ ಹುಡುಗೂರ ರೂಮ್ ಸ್ವಚ್ಛ ಅದಾವೋ ಇಲ್ಲೋ ನೋಡಿ ಬರ್ರಿ ಅಂತ ಅದನ್ನೂ ಹಚ್ತಾರ. ಒಂದು ರೂಮಿನ ಫ್ರಿಜ್ ತಗದೆ, ಒಳಗ ಮೊಟ್ಟಿ, ಸಾಸ್ ಬಾಟ್ಲಿ, ಮತ್ತ ಒಂದು ಬೂಟು. ಬೂಟ್ ಯಾಕಪ್ಪಾ ಅಂದ್ರ ಬಬಲ್‌ಗಮ್ ಅಂಟಿತ್ತಂತ, ತಣ್ಣಗಾದ್ರ ಬಿಡತೈತಂತ.

ಗಂಡಾ ಹೆಂಡ್ತಿ ವಿಷಯ. ನಲವತ್ತು ವರ್ಷ ಅವರು ಆಫೀಸಿಗೆ ಹೋದ್ರು, ಸಂಜೀಕ ಬಂದ್ರು. ಇಲ್ಲೆ ಇಪ್ಪತ್ನಾಕ ತಾಸೂ ಜೋಡಿ, ಒಂದ ಕಾರು, ಒಂದ ಕ್ಯಾಲೆಂಡರು. ಮೊದಲ ತಿಂಗಳು ನಮ್ಮ ಜಗಳ ಎಲ್ಲಾ ಕಾರಿನ್ಯಾಗ, ಇಳದ ಕೂಡ್ಲೆ ನಗಿಮುಖ. ಹುಡುಗೂರಿಗೆ ಗೊತ್ತಾಗ್ತದ್ರಿ, ಅವು ಭಾಳ ಶಾಣ್ಯಾ ಇರ್ತಾವ. ಒಬ್ಬಾಕಿ ಹುಡುಗಿ ನನ್ನ ಕೇಳಿದ್ಲು, "ಸಿಸ್ಟರ್, ನೀವು ಜಗಳ ಆಡಿ ಮತ್ತ ಹೆಂಗ ಸರಿ ಹೋಗ್ತೀರಿ, ನಮ್ಮನಿಯೊಳಗ ಸರಿ ಹೋಗೂದು ನಾ ನೋಡೇ ಇಲ್ಲ" ಅಂತ. ಆಕಿ ತಂದಿ ತಾಯಿ ಡೈವೋರ್ಸ್ ಆದವ್ರು. ಅವತ್ತಿಂದ ನಾವು ಕಾರಿನ್ಯಾಗ ಅಡಗಿಸಿ ಆಡೂದು ಬಿಟ್ವಿ, ಅಡಗಿಮನ್ಯಾಗ ಎಲ್ಲಾರ ಮುಂದ ಉಪ್ಪು ಜಾಸ್ತಿ ಕಡಿಮಿ ಅಂತ ಆಡತಿದ್ವಿ, ಹುಡುಗೂರು ಪಂಚಾಯಿತಿ ಮಾಡತಿದ್ವು. ಪ್ರವಚನಕ್ಕಿಂತ ಅದನ್ನ ಜಾಸ್ತಿ ನೋಡ್ಯಾವು ಅವು.

ಮಂಡ್ಯ_ಟು_ಮಿನಿಯಾಪೊಲಿಸ್
ಫ್ರಿಜ್ಜಲ್ಲಿ ಬೂಟು 😂😂 ಅಂಕಲ್ ನೀವು ಹೋಗ್ಲೇಬೇಕು, ಹೋಗಿ ಬಂದು ಬರೀಬೇಕು

ಕುಡ್ಲದ_ಪೊರ್ಲು
ನಾನು ಕ್ಯಾಥೊಲಿಕ್, ನಮ್ಮಲ್ಲಿ ಇಂಥ ಕೆಲಸ ಹೆಚ್ಚಾಗಿ ಫಾದರ್, ಸಿಸ್ಟರ್ ಮಾಡುದು, ಗಂಡ ಹೆಂಡ್ತಿ ಜೋಡಿಯಾಗಿ ಹೋಗುದು ನನಗೆ ಹೊಸತು. ಆ ಜಗಳದ ವಿಷಯ ಓದಿ ಅನ್ನಿಸಿತು, ಅದು ಫಾದರ್‌ಗೆ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಅಲ್ವಾ.

ವಿಜಯನಗರ_ಅಂಕಲ್
ಇಲ್ಲಿ ಅಪ್‌ಡೇಟ್ ಹಾಕ್ತೀನಿ. ಅರ್ಜಿ ತೆರೆದಿದೀವಿ, ಡಾಕ್ಟರ್ ಫಾರ್ಮು, ಡೆಂಟಿಸ್ಟ್ ಫಾರ್ಮು ಇಬ್ರದ್ದೂ ಬೇಕು. ನನಗೆ ಒಂದು ರೂಟ್ ಕೆನಾಲ್ ಬಾಕಿ ಇದೆ, ಅದು ಮುಗಿಯದೆ ಡೆಂಟಿಸ್ಟ್ ಸಹಿ ಹಾಕಲ್ವಂತೆ. ಅತ್ತೆಗೆ ಫೋನಲ್ಲಿ ವಿಷಯ ಹೇಳಿದ್ವಿ. "ಕಾಲೇಜ್ ಹುಡುಗರಿಗೆ ಅಡುಗೆ ಮಾಡೋಕೆ ಅಷ್ಟು ದೂರ ಯಾಕೆ, ಇಲ್ಲಿ ನಮ್ಮ ಬೀದೀಲೇ ಪಿಜಿ ಇದೆ, ಬಾ" ಅಂದ್ರು.

ಧಾರವಾಡದಾಕಿ
ಅತ್ತಿಯವ್ರು ಹೇಳಿದ್ದು ಖರೇನ ಐತಿ 😀 ರೂಟ್ ಕೆನಾಲ್ ಮೊದಲ ಮಾಡಿಸ್ಕೋರಿ. ಮತ್ತ ನಿಮ್ಮನಿಯವ್ರಿಗೆ ಹೇಳ್ರಿ, ದೊಡ್ಡ ಕುಕ್ಕರ್ ಇಲ್ಲಿಂದ ಒಯ್ಯೂದು, ಅಲ್ಲಿ ಇರೂದಿಲ್ಲ. ಹತ್ತು ಲೀಟರ್‌ದು.